ಸೋನೆಗಿರಿಯ ಡಂಗುರ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಆಕಳಿಸುತ್ತಿದ್ದ ಕಾಲದಲ್ಲಿ, ಸೋನೆಗಿರಿ ಎಂಬ ರಾಜ್ಯವಿತ್ತು. ಅಲ್ಲೊಂದು ಮಾಯದ ಡಂಗುರ. ಅರಮನೆಯ ಮುಂದೆ ಬಾರಿಸಿ ಸಾರಿದರೆ ಹತ್ತೊಂಬತ್ತು ಊರಿನ ಮನೆಮನೆಯಲ್ಲೂ ಕೇಳುತ್ತಿತ್ತು. ಅದು ಅರಸನದಲ್ಲ, ಹತ್ತೊಂಬತ್ತು ಊರಿನವರು ಸೇರಿ ಮಾಡಿಸಿದ್ದು. ಆದ್ದರಿಂದ ಒಂದು ಕಟ್ಟಳೆ: ಸಾರುವವನು ತಾನೇ ಹೋಗಿ ನೋಡಬೇಕು, ಬಂದು ಸಾರಬೇಕು, ಕೊನೆಗೆ "ಕಂಡು ಹೇಳಿದ್ದು" ಎನ್ನಬೇಕು. ಆ ಮಾತು ಕೇಳಿದ ಮೇಲೆ ಯಾರೂ ಅನುಮಾನಪಡುತ್ತಿರಲಿಲ್ಲ.

ಸಾರುವವನ ಹೆಸರು ಸಂಕಣ್ಣ. ಒಳ್ಳೆಯವನೇ, ಆದರೆ ದೊಡ್ಡವರು ಹೆಗಲ ಮೇಲೆ ಕೈಯಿಟ್ಟರೆ ಕರಗಿಹೋಗುವ ಆಸಾಮಿ.

ಧೂಮಕೇಶಿ ಎಂಬ ಮಾಂತ್ರಿಕ ಅಲ್ಲಿಗೆ ಮಂತ್ರಿಯಾಗಿ ಬಂದ. ಒಬ್ಬ ಜಲದೈತ್ಯನನ್ನು ಗೋಡೆಯೊಳಗೆ ಬಂಧಿಸಿ, ಒಂದೇ ಹಗಲಲ್ಲಿ ಹೊಳೆಗೆ ಅಣೆಕಟ್ಟು ಎಬ್ಬಿಸಿದ. ಆ ದೈತ್ಯ ಸುಳ್ಳು ತಿಂದು ಬೆಳೆಯುವವನು.

ಒಂದು ದಿನ ಮಂತ್ರಿ ಸಂಕಣ್ಣನ ಹೆಗಲ ಮೇಲೆ ಕೈಯಿಟ್ಟ. "ಅರಸರು ಬೆಂಕಿಹುಲಿಯನ್ನು ಬರಿಗೈಯಲ್ಲಿ ಕೊಂದರು ಅಂತ ಸಾರು."

"ನಾನು ನೋಡಿಲ್ಲವಲ್ಲ ಸ್ವಾಮಿ?"

"ನಾನು ನೋಡಿದ್ದೇನಲ್ಲ!"

ಸಂಕಣ್ಣ ಸಾರಿದ. ಹುಲಿ ಅರಮನೆಯ ಹಿತ್ತಲಲ್ಲೇ ಬಾಲ ನೆಕ್ಕುತ್ತ ಕೂತಿತ್ತು, ಆ ಮಾತು ಬೇರೆ.

ಅಣೆಕಟ್ಟಿನ ಕೆಳಗಿನ ಊರು ತೊರೆಬಾಗಿಲು. ಗೋಡೆ ಬಿರುಕು ಬಿಟ್ಟಿದೆ ಎಂದು ಅಲ್ಲಿಯವರು ದೂರು ತಂದರು. ಮಂತ್ರಿ ಮತ್ತೆ ಸಂಕಣ್ಣನ ಹೆಗಲ ಮೇಲೆ ಕೈಯಿಟ್ಟ. "ತೊರೆಬಾಗಿಲಿನವರು ಶತ್ರುಗಳ ಕಡೆಯವರು ಅಂತ ಸಾರು." ಸಂಕಣ್ಣನ ಸ್ವಂತ ಅಕ್ಕ ಗಿರಿಯಕ್ಕ ಇದ್ದದ್ದು ಅದೇ ಊರಲ್ಲಿ. ಆದರೂ ಸಾರಿದ. ಅಂದಿನಿಂದ ನೆರೆಯೂರಿನವರು ಆ ಊರಿಗೆ ಒಲೆ ಹಚ್ಚಲು ಕೆಂಡವನ್ನೂ ಕೊಡಲಿಲ್ಲ.

ಮೂರನೆಯ ಸಲ ಮಂತ್ರಿ "ಗೋಡೆ ಗಟ್ಟಿಯಾಗಿದೆ ಅಂತ ಸಾರು" ಎಂದ. ಈ ಸಲ ಸಂಕಣ್ಣ ಹೋಗಿ ನೋಡಿದ. ಸುಳ್ಳು ತಿಂದು ಬೆಳೆದ ದೈತ್ಯನ ಉಗುರು ಬಿರುಕಿನಿಂದ ಹೊರಗೆ ಬಂದಿತ್ತು. ಹೇಳೋಣವೆಂದು ಓಡಿಬಂದರೆ ಮಂತ್ರಿ ರೇಷ್ಮೆ ಶಾಲು ಹೊದಿಸಿದ. ಸಂಕಣ್ಣ ಗೋಡೆ ಗಟ್ಟಿಯಾಗಿದೆ ಎಂದು ಸಾರಿದ. "ಕಂಡು ಹೇಳಿದ್ದು" ಎಂದ. ನಿಜವಾಗಿಯೂ ಕಂಡಿದ್ದ, ಕಂಡೂ ಸುಳ್ಳಾಡಿದ್ದ.

ಶಾಲು ಮೈ ಸುಟ್ಟಂತಾಯಿತು. ಅದನ್ನು ಕಿತ್ತೆಸೆದು ಅಕ್ಕನ ಮನೆಗೆ ಓಡಿದ.

"ಏಳಕ್ಕಾ, ಗೋಡೆ ಒಡೀತದೆ! ಎಲ್ಲರೂ ಗುಡ್ಡ ಹತ್ತಿ!"

ಗಿರಿಯಕ್ಕ ಬೀಸುತ್ತಿದ್ದ ಕಲ್ಲು ನಿಲ್ಲಿಸಲಿಲ್ಲ. "ಬಿರುಕು ನೋಡಿ ನಾವೂ ಹೆದರಿದ್ವಿ. ಆದರೆ ಬೆಳಿಗ್ಗೆ ಡಂಗುರ ಗೋಡೆ ಗಟ್ಟಿ ಅಂತು. ಕಂಡು ಹೇಳಿದ್ದು ಅಂತಲೂ ಅಂತು. ಈಗ ನಾನು ಡಂಗುರ ನಂಬಲೋ, ನಿನ್ನ ನಂಬಲೋ?"

ಸಂಕಣ್ಣನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳನ್ನು ಹಾಗೆ ನಂಬಿಸಿದವನು ಅವನೇ. ಡಂಗುರ ಆಡಿದ್ದನ್ನು ಡಂಗುರವೇ ಅಳಿಸಬೇಕಿತ್ತು. ಮತ್ತೆ ಅರಮನೆಗೆ ಓಡಿ ಕೋಲು ಎತ್ತಿಕೊಂಡ.

"ನಿಲ್ಲಿಸು! ನಿನ್ನ ಮಾನ ಹೋಗುತ್ತದೆ!" ಎಂದು ಧೂಮಕೇಶಿ ಕಿರುಚಿದ.

"ಅದು ಹೋಗಿ ಬಹಳ ದಿನವಾಯಿತು ಸ್ವಾಮಿ."

ಸಂಕಣ್ಣ ಬಾರಿಸಿದ. "ಹುಲಿ ಸತ್ತಿಲ್ಲ. ನಾನು ಸುಳ್ಳು ಹೇಳಿದೆ." ಗೋಡೆಯೊಳಗಿನ ದೈತ್ಯ ಕುಗ್ಗಿ ಎತ್ತಿನಷ್ಟಾದ. "ತೊರೆಬಾಗಿಲಿನವರು ಶತ್ರುಗಳಲ್ಲ. ನಾನು ಸುಳ್ಳು ಹೇಳಿದೆ." ದೈತ್ಯ ಕುರಿಯಷ್ಟಾದ. "ಗೋಡೆ ಒಡೆಯುತ್ತದೆ, ಗುಡ್ಡ ಹತ್ತಿ. ಕಂಡು ಹೇಳಿದ್ದು." ದೈತ್ಯ ಕಪ್ಪೆಯಾಗಿ ಹಾರಿಹೋದ. ಅವನ ಬಲದಲ್ಲೇ ಬದುಕಿದ್ದ ಮಂತ್ರಿ ಹೊಗೆಯಾಗಿ ಕರಗಿದ.

ದೈತ್ಯನಿಲ್ಲದ ಗೋಡೆ ಸಂಜೆಗೆ ಕುಸಿಯಿತು. ಮನೆಗಳು ಹೋದವು, ಗುಡ್ಡ ಹತ್ತಿದ್ದ ಜನ ಉಳಿದರು. ಅರಸ ಹಿತ್ತಲ ಹುಲಿಯನ್ನು ಕಾಡಿಗೆ ಬಿಟ್ಟು, ತಲೆ ತಗ್ಗಿಸಿ ಹೊಸ ಮನೆಗಳಿಗೆ ಕಲ್ಲು ಹೊತ್ತ. ಉಳಿದ ಹದಿನೆಂಟು ಊರಿನವರು ಕೆಂಡ ತಂದು ತೊರೆಬಾಗಿಲಿನ ಹೊಸ ಒಲೆಗಳನ್ನು ಹಚ್ಚಿದರು. ಎಲ್ಲರೂ ಸುಖವಾಗಿ ಬಾಳಿದರು.

ಸಂಕಣ್ಣ ಡಂಗುರದ ಕೋಲನ್ನು ಅಕ್ಕನ ಮುಂದಿಟ್ಟ. ಅವಳು ಅದನ್ನು ತಿರುಗಿ ಅವನ ಕೈಗೇ ಕೊಟ್ಟು, "ನಡಿ, ಇನ್ಮೇಲೆ ನಾನೂ ಬಂದು ನೋಡ್ತೀನಿ" ಎಂದಳು. ಅಂದಿನಿಂದ "ಕಂಡು ಹೇಳಿದ್ದು" ಎನ್ನುವ ಮೊದಲು ಅವನು ಅಕ್ಕನ ಮುಖ ನೋಡುತ್ತಿದ್ದ. ಅವಳು ತಲೆಯಾಡಿಸಿದ ಮೇಲೆಯೇ ಅವನ ಬಾಯಿಗೆ ಆ ಮಾತು ಬರುತ್ತಿತ್ತು.