ದಂಡೆಯಲ್ಲಿ ಉಳಿದ ಚೆರ್ರಿ ಕಟ್ಟಿಗೆ

ಫೆಬ್ರವರಿ ಹನ್ನೊಂದು, ಮಂಗಳವಾರ. ಸಂಜೆ ನಾಲ್ಕು ಇಪ್ಪತ್ತಕ್ಕೆ ದೋನ್ಯಾ ಕ್ಲೊರಿಂದಾ ಪಾಸೊ ಚಿಕೊ ಊರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಎಪ್ಪತ್ತೆರಡರ ವಿಧವೆ, ಊರೆಲ್ಲ ಗೌರವದಿಂದ ದೋನ್ಯಾ ಎನ್ನುತ್ತಿತ್ತು. ಹುಬ್ಬು ಸುಟ್ಟು ಹೋಗಿತ್ತು, ಒಂದು ಕಾಲಲ್ಲಿ ಮಾತ್ರ ಬೂಟು ಇತ್ತು. ಇನ್ನೊಂದು ಕಾಲಿಗೆ ಯಾರೋ ಗೋಣಿ ಸುತ್ತಿದ್ದರು.

"ಕೂತ್ಕೊಳ್ಳಿ ದೋನ್ಯಾ," ಎಂದಳು ಇನ್ಸ್‌ಪೆಕ್ಟರ್ ನೊರ್ಮಾ ಕಾಯುಲ್.

"ಕೂರೋಕೆ ಬಂದಿಲ್ಲ ಕಣೆ. ಬರ್ಕೋ. ಮನೆ ಸುಟ್ಟು ಹೋಯ್ತು. ಅರವತ್ಮೂರು ಕುರಿ ಬೇಲಿ ಒಳಗೇ ಬೆಂದ್ವು. ಕೆರೆ ದಂಡೇಲಿ ಡೇರೆ ಹಾಕಿದ್ದ ಪರವೂರವರು ಹಚ್ಚಿದ್ದು."

"ಹಚ್ಚಿದ್ದನ್ನ ನೀವು ನೋಡಿದ್ರಾ?"

"ಬೆಳಿಗ್ಗೆ ಡೇರೆ ನೋಡ್ದೆ, ಆಮೇಲೆ ಹೊಗೆ ನೋಡ್ದೆ. ಎರಡರ ನಡುವೆ ಏನಿದೆ ಅಂತ ಪೊಲೀಸರು ನೋಡ್ಲಿ. ಅದಕ್ಕೇ ತಾನೆ ನಿಮಗೆ ಟೋಪಿ ಕೊಟ್ಟಿರೋದು?"

ನಾಲ್ಕು ಐವತ್ತಕ್ಕೆ ಎಫ್.ಐ.ಆರ್. ಸಂಖ್ಯೆ ಮೂವತ್ತೊಂದು ದಾಖಲಾಯಿತು. ಕಾನ್‌ಸ್ಟೇಬಲ್ ರೂಬೆನ್ ಪ್ಯೂ ಬರೆಯುವಾಗ ಪೆನ್ನು ಒತ್ತಿ ಕಾಗದ ಹರಿದು ಹೋಯಿತು. ಇಪ್ಪತ್ತಾರು ವರ್ಷ ನೌಕರಿ ಮಾಡಿದವನು, ಸೌಮ್ಯ ಮನುಷ್ಯ. ಆದರೆ ಕಿಟಕಿಯಾಚೆ ತೊರ್ಕಾಸಾ ಸರೋವರದ ಕಡೆಯ ಆಕಾಶ ತಾಮ್ರದ ತಟ್ಟೆಯಂತೆ ಕೆಂಪಗಿತ್ತು. ಆ ದಿನ ಊರಲ್ಲಿ ಸೌಮ್ಯವಾಗಿ ಉಳಿದವರು ಯಾರೂ ಇರಲಿಲ್ಲ.

ಆರು ಗಂಟೆಗೆ ಊರ ಜನವೇ ಆರೋಪಿಗಳನ್ನು ತಂದರು. ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಇಬ್ಬರು, ರೊಸಾರಿಯೊ ನಗರದವರು: ಬೇಕರಿ ಕೆಲಸಗಾರ ಗಾಸ್ತೊನ್, ಅವನ ಜೊತೆಗಾತಿ ಯಮಿಲಾ, ಆಸ್ಪತ್ರೆಯಲ್ಲಿ ನರ್ಸ್. ಗಾಸ್ತೊನ್‌ನ ತುಟಿ ಸೀಳಿತ್ತು.

"ಯಾರು ಹೊಡೆದದ್ದು?" ನೊರ್ಮಾ ಕೇಳಿದಳು.

ಗುಂಪಿನ ಹಿಂದಿನಿಂದ ಕಸಾಯಿ ಅಂಗಡಿಯವನು ಕೂಗಿದ: "ಹೊಡೆದದ್ದು ಸಾಲ್ದು ಮೇಡಂ! ನೀವೀಗ ಬುರುಡೇಲಿ ಬಿಸಿ ಮಾಟೆ ಚಹಾ ಹೊಯ್ದು ಅಳಿಯನಿಗೆ ಕೊಟ್ಟಂಗೆ ಇವರಿಗೆ ಕೊಡಿ!"

"ನಿನ್ನ ಕೈ ತೋರ್ಸು," ಎಂದಳು ನೊರ್ಮಾ. ಅವನ ಬೆರಳ ಗೆಣ್ಣು ಸುಲಿದಿತ್ತು. "ನಾಳೆ ನಿನ್ನ ಹೇಳಿಕೇನೂ ಬೇಕಾಗುತ್ತೆ. ಈಗ ಆಚೆ ನಡಿ."

ಒಳಗೆ ವಿಚಾರಣೆ ಶುರುವಾಯಿತು.

"ಬೆಂಕಿ ಹಾಕಿದ್ರಾ?"

"ಇಲ್ಲ," ಎಂದ ಗಾಸ್ತೊನ್.

"ಮೂರು ದಿನ ಏನು ತಿಂದ್ರಿ? ಗಾಳೀನಾ?"

ಅವನು ನೆಲ ನೋಡಿದ. ಯಮಿಲಾ ತಲೆ ಎತ್ತಿದಳು. "ಹಾಕಿದ್ವಿ. ನಿಷೇಧ ಅಂತ ಬೋರ್ಡ್ ಇತ್ತು, ಅದಕ್ಕೇ ಇವನು ಸುಳ್ಳು ಹೇಳ್ದ. ಬೆಳಿಗ್ಗೆ ಸೇವಿಗೆ ಬೇಯಿಸಿ ಹನ್ನೊಂದು ಪಾತ್ರೆ ನೀರು ಹೊಯ್ದೆ. ಹತ್ತು ಗಂಟೆಗೆ ಹೊರಟ್ವಿ, ಸಂಜೆ ಬಸ್ಸು ಹಿಡಿಯೋಕೆ."

"ಹನ್ನೊಂದು ಅಂತ ಎಣಿಸಿದ್ರಾ?"

"ಭಯ ಇತ್ತು ಮೇಡಂ. ಭಯ ಇದ್ದೋರು ಎಣಿಸ್ತಾರೆ."

ಪ್ಯೂ ಬಾಗಿಲ ಬಳಿ ಗೊಣಗಿದ. "ಮೊದಲು ಇಲ್ಲ, ಆಮೇಲೆ ಹೌದು. ಇನ್ನೇನು ಉಳೀತು?"

ನೊರ್ಮಾಗೂ ಸಿಟ್ಟು ನೆತ್ತಿಗೇರಿತ್ತು. ಆ ಸುಳ್ಳಿನ ಮೇಲೆ, ಆ ಹನ್ನೊಂದರ ಮೇಲೆ, ಒಂದೇ ಬೂಟಿನ ಮುದುಕಿಗಾದ ಗತಿಯ ಮೇಲೂ. ಇಬ್ಬರನ್ನೂ ಬೇರೆ ಬೇರೆ ಲಾಕಪ್ಪಿಗೆ ಹಾಕಿಸಿದಳು.

ಬುಧವಾರ ಬೆಳಗ್ಗೆ ಗಾಳಿ ಬಿದ್ದು ಬೆಂಕಿ ಹತೋಟಿಗೆ ಬಂತು. ಎಂಟು ಹತ್ತಕ್ಕೆ ಸರೋವರದ ದಂಡೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಪಂಚರು ಇಬ್ಬರು, ಶಾಲೆಯ ಅಡುಗೆಯವಳು ಮತ್ತು ರಸ್ತೆ ಕೆಲಸದ ಒಬ್ಬ ಕೂಲಿ.

ಡೇರೆ ಹಾಕಿದ್ದ ಜಾಗ ಸುಲಭವಾಗಿ ಸಿಕ್ಕಿತು. ಒಲೆಯ ಬೂದಿ ಕರಿ ಕೆಸರಾಗಿ ಹೆಪ್ಪುಗಟ್ಟಿತ್ತು. ಸುತ್ತಲಿನ ಹುಲ್ಲಿಗೆ ಒಂದು ಕಿಡಿಯೂ ತಾಗಿರಲಿಲ್ಲ. ನೊರ್ಮಾ ಮಂಡಿಯೂರಿ ಬೂದಿಯೊಳಗೆ ಕೈ ಇಳಿಸಿ ತಳ ಮುಟ್ಟಿದಳು. ತಳದ ಮಣ್ಣೂ ಒದ್ದೆ.

"ಅಳತೆ ಬರ್ಕೋ," ಎಂದಳು.

ಅಲ್ಲಿಂದ ದಕ್ಷಿಣಕ್ಕೆ ನಾನೂರು ಹೆಜ್ಜೆ ದೂರದಲ್ಲಿ ಸುಟ್ಟ ನೆಲದ ಮೊನೆ ಇತ್ತು. ಮೊರದ ಹಾಗೆ, ಇಲ್ಲಿ ಕಿರಿದಾಗಿ ಶುರುವಾಗಿ ಮೇಲಕ್ಕೆ ಹರಡಿಕೊಂಡು ಹೋಗಿತ್ತು. ಬೆಂಕಿ ಹುಟ್ಟಿದ ಆ ಮೊನೆಯಲ್ಲಿ ಒಲೆಯ ಮೂರು ಕಲ್ಲು. ಕಲ್ಲಿನಿಂದ ನೀರಿನ ಕಡೆಗೆ ಬೆಂಕಿ ಬಂದಿರಲಿಲ್ಲ. ಅಲ್ಲಿ ಮರಳಿನ ಮೇಲೆ ಏಳು ತುಂಡು ಕಟ್ಟಿಗೆ ಅಡ್ಡಡ್ಡ ಒಟ್ಟಿತ್ತು. ತೊಗಟೆ ಮೇಲ್ಮುಖ, ಅದರ ಮೇಲೊಂದು ಚಪ್ಪಟೆ ಕಲ್ಲು.

ನೊರ್ಮಾ ಒಂದು ತುಂಡನ್ನು ತಿರುಗಿಸಿ ನೋಡಿದಳು. ತೊಗಟೆ ಮಿರಿಮಿರಿ ಕೆಂಪು, ಉಂಗುರ ತೊಡಿಸಿದ ಹಾಗೆ ಅಡ್ಡಗೆರೆ.

"ಇದೂ ಅವರದೇ ಇರಬೇಕು," ಎಂದ ಪ್ಯೂ.

"ರೊಸಾರಿಯೊದಿಂದ ಬಸ್ಸಲ್ಲಿ ಚೆರ್ರಿ ಕಟ್ಟಿಗೆ ತಂದ್ರೇನಯ್ಯ? ಈ ದಂಡೇಲಿ ಲೆಂಗಾ ಮರ ಬಿಟ್ರೆ ಸೈಪ್ರೆಸ್. ಚೆರ್ರಿ ಎಲ್ಲಿದೆ ತೋರ್ಸು."

ಪ್ಯೂ ಆ ಒಟ್ಟಿಲನ್ನು ನೋಡುತ್ತ ನಿಂತ. ಅಡುಗೆಯವಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಅರ್ಥ ಎಲ್ಲರಿಗೂ ಆಗಿತ್ತು.

ಈ ಕಡೆಯ ಯಾವ ಮನೆಯವರಾದರೂ ಬೇಸಿಗೆಯಲ್ಲಿ ಹತ್ತು ದಿನ ದಂಡೆಯಲ್ಲಿ ಟಾರ್ಪಾಲು ಬಿಗಿದು ಇರುವವರೇ. ಅಲ್ಲಿ ನಲ್ಲಿಯಿಲ್ಲ, ಕಕ್ಕಸಿಲ್ಲ, ಕಾವಲುಗಾರನೂ ಇಲ್ಲ. ತಂದದ್ದನ್ನೆಲ್ಲ ಮರಳಿ ಒಯ್ಯಬೇಕು, ಕಟ್ಟಿಗೆಯೊಂದನ್ನು ಬಿಟ್ಟು. ದಂಡೆಗೆ ಬಂದ ಕಟ್ಟಿಗೆ ದಂಡೆಯದು. ನಾಳೆ ಯಾರೋ ನೆನೆದು ನಡುಗುತ್ತ ಬಂದಾರು, ಅವರಿಗೆ. ತೊಗಟೆ ಮೇಲೆ ಮಾಡಿ ಒಟ್ಟಿ, ಹಾರದ ಹಾಗೆ ಕಲ್ಲಿಟ್ಟು ಹೋಗಬೇಕು. ನೊರ್ಮಾ ಚಿಕ್ಕಂದಿನಲ್ಲಿ ಒಮ್ಮೆ ಒಂದು ಕಡ್ಡಿಯನ್ನು ಆಟಕ್ಕೆಂದು ಚೀಲಕ್ಕೆ ಹಾಕಿಕೊಂಡಾಗ ಅಪ್ಪ ಅರ್ಧ ದಾರಿಯಿಂದ ವಾಪಸು ನಡೆಸಿದ್ದ.

"ನಮ್ಮೋರೇ ಅಂತೀರಾ?" ಪ್ಯೂನ ದನಿ ಇಳಿದಿತ್ತು. "ಊರಲ್ಲಿ ಇದನ್ನ ಹೇಳಿದ್ರೆ ಠಾಣೆಗೇ ಬೆಂಕಿ ಇಡ್ತಾರೆ ಮೇಡಂ."

"ಕೋತಿ ಮೊಸರು ತಿಂದು ಆಡಿನ ಮೂತಿಗೆ ಒರೆಸಿದೆ. ಆಡನ್ನ ನಾವು ಒಳಗೆ ಹಾಕಿ ಕೂತಿದೀವಿ. ಕಟ್ಟಿಗೆ ಜಪ್ತಿ ಮಾಡು."

ಮಧ್ಯಾಹ್ನ ಮೂರಕ್ಕೆ ಜಿಲ್ಲಾ ಪ್ರಾಸಿಕ್ಯೂಟರರ ಫೋನು ಬಂತು. ಹೇಳಿಕೆ ಒಮ್ಮೆ ಬದಲಾಗಿದೆ, ಅಷ್ಟು ಸಾಕು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರನ್ನೂ ಜಿಲ್ಲಾ ಜೈಲಿಗೆ ಕಳಿಸಿ. ಆರೋಪ ನಿಂತರೆ ಹತ್ತು ವರ್ಷ.

"ಬೇರೆ ಒಲೆ ಸಿಕ್ಕಿದೆ ಸರ್," ಎಂದಳು ನೊರ್ಮಾ.

"ಬೇರೆ ಆಳು ಸಿಕ್ಕಿದ್ದಾನಾ?"

"ಇಲ್ಲ."

"ಹಾಗಿದ್ರೆ ಶುಕ್ರವಾರ."

ಅದೇ ಸಂಜೆ ಪುರಸಭೆಯವರು ದಂಡೆಗೆ ಹೋಗುವ ದಾರಿಗೆ ಸರಪಳಿ ಬಿಗಿದು, ಡೇರೆ ಹಾಕುವುದನ್ನು ಶಾಶ್ವತವಾಗಿ ನಿಷೇಧಿಸಲಾಗಿದೆ ಎಂದು ಫಲಕ ನೆಟ್ಟರು. ಉರಿಯೋ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಕಡೆಯೂ ಇರುತ್ತಾರೆ.

ಸರೋವರದ ಆ ಬದಿಯಲ್ಲಿ ಚೆರ್ರಿ ಮರ ಇದ್ದದ್ದು ಎರಡೇ ಮನೆಗೆ. ಒಂದು ಕ್ಲೊರಿಂದಾಳದು. ಗಂಡ ಸತ್ತ ಮೇಲೆ ಆ ಮರಗಳಿಗೆ ಕೊಡಲಿ ತಾಗಿಸಿದವರಿಲ್ಲ. ಇನ್ನೊಂದು ದೋನ್ ಸೆನೊನ್ ಬಾಸ್ತಿಯಾಸನ ತೋಟ.

ಗುರುವಾರ ಹತ್ತೂವರೆಗೆ ಜೀಪು ಅಲ್ಲಿ ನಿಂತಿತು. ಅರವತ್ತೆಂಟರ ಸೆನೊನ್ ಹೊಸ್ತಿಲಲ್ಲಿ ಕೂತು ಮಾಟೆ ಹೀರುತ್ತಿದ್ದ. ಎದ್ದು ಟೋಪಿ ತೆಗೆದ.

"ಬಾ ನೊರ್ಮಿತಾ. ಪ್ಯೂ, ನೀನೂ ಬಾ. ಹೊಟ್ಟೆ ಇನ್ನೂ ಬೆಳೀತಾ ಇದೆಯಲ್ಲೋ."

ನಗಲು ಯಾರಿಗೂ ಮನಸ್ಸಿರಲಿಲ್ಲ. ನೊರ್ಮಾ ಕೊಟ್ಟಿಗೆ ಕಡೆ ನಡೆದಳು. ಮಾಡಿನ ಕೆಳಗೆ ಸವರಿದ ಚೆರ್ರಿ ಕೊಂಬೆಗಳ ರಾಶಿ. ಕೊಡಲಿಯ ಬಾಯಿಯಲ್ಲಿ ಒಂದು ಮುಕ್ಕು ಇತ್ತು. ಅದು ಕಡಿದಲ್ಲೆಲ್ಲ ಸಣ್ಣದೊಂದು ಏಣು ಬಿಟ್ಟಿತ್ತು. ಅವಳು ಚೀಲದಿಂದ ದಂಡೆಯ ತುಂಡು ತೆಗೆದು ರಾಶಿಯ ತುಂಡಿನ ಪಕ್ಕ ಹಿಡಿದಳು. ಏಣು ಏಣಿಗೆ ಕೂಡಿತು.

"ಇದು ನಿಮ್ಮ ಕಟ್ಟಿಗೇನಾ?"

"ನಂದೇ."

"ಮಂಗಳವಾರ ಒಯ್ದಿದ್ದಾ?"

"ಮಂಗಳವಾರ. ಹನ್ನೆರಡೂವರೆ ಇರಬೇಕು. ಕುದುರೆ ಮೇಲೆ."

"ಉಳಿದದ್ದನ್ನ ಯಾಕೆ ವಾಪಸ್ ತರ್ಲಿಲ್ಲ?"

ಮುದುಕ ಅವಳನ್ನು ದಿಟ್ಟಿಸಿದ, ಹುಚ್ಚು ಪ್ರಶ್ನೆ ಕೇಳಿದಳೆಂಬಂತೆ. "ದಂಡೆಗೆ ಒಯ್ದ ಕಟ್ಟಿಗೆ ಯಾರಾದ್ರೂ ವಾಪಸ್ ತರ್ತಾರೇನೆ? ನಿನ್ನಪ್ಪ ತರ್ತಿದ್ನಾ?"

ಪ್ಯೂ ಮುಖ ಆಚೆ ತಿರುಗಿಸಿದ. ನೊರ್ಮಾ ತುಂಡನ್ನು ಮುದುಕನ ಮುಖಕ್ಕೆ ಹಿಡಿದಳು.

"ಇಡೀ ದಂಡೆ ಸುಡೋಕೆ ಹೋದೋರು ಏಳು ತುಂಡು ಕಟ್ಟಿಗೆ ಮುಂದಿನವನಿಗೆ ಇಟ್ರಿ! ಯಾಕೆ ಸುಟ್ರಿ ದೋನ್?"

"ದಂಡೆ ಮುಚ್ಲಿ ಅಂತ. ತಪ್ಪು ಡೇರೆಯವರ ತಲೆ ಮೇಲೆ ಬಂದ್ರೆ ಮುಚ್ತಾರೆ ಅಂತ. ಮುಚ್ಚಿದ್ರಲ್ಲ."

"ಕ್ಲೊರಿಂದಾ ಮನೆ?"

"ಗಾಳಿ ಕಲ್ಲುಗುಡ್ಡದ ಕಡೆಗಿತ್ತು. ಪೊದೆ ಸುಟ್ಟು ಬಂಡೆ ಹತ್ರ ಆರಿ ಹೋಗೋದು. ಎರಡು ಗಂಟೆಗೆ ತಿರುಗ್ತು. ಓಡಿ ಹೋದೆ. ಅವಳ ಮನೆ ಮುಟ್ಟೋಕಾಗ್ಲಿಲ್ಲ."

"ಇಬ್ಬರು ಒಳಗಿದಾರೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಎರಡು ದಿನ ಇಲ್ಲಿ ಕೂತು ಮಾಟೆ ಹೀರಿದ್ರಾ?"

"ಡೇರೆಯವರೇ ಅಲ್ವಾ? ಇವರಲ್ದಿದ್ರೆ ಇವರಂಥೋರು." ಅವನ ದನಿ ಮೊದಲ ಬಾರಿ ಏರಿತು. "ಜನವರೀಲಿ ನಿನ್ನ ಮೇಜಿನ ಮೇಲೆ ಚೀಲ ಬಿಚ್ಚಿದ್ನಲ್ಲ, ನೆನಪಿದ್ಯೇನೆ?"

ನೆನಪಿತ್ತು. ಚೀಲದಲ್ಲಿದ್ದದ್ದು ಅರ್ಧ ಸುಟ್ಟ ಮರದ ಶಿಲುಬೆಯ ಒಂದು ತೋಳು. ಅವನ ಮಗಳು ದೆಲಿಯಾ ಆರನೇ ವಯಸ್ಸಿಗೆ ಜ್ವರದಲ್ಲಿ ತೀರಿಹೋದವಳು, ದಂಡೆಯ ಮೇಲಿನ ದಿಬ್ಬದಲ್ಲಿ ಮಲಗಿದ್ದಳು. ಸುತ್ತ ಅವನೇ ಕೆತ್ತಿದ ಸೈಪ್ರೆಸ್ ಬೇಲಿ. ದೂರಿಗೆ ಮುಂಚಿನ ನಾಲ್ಕೈದು ದಿನದಲ್ಲಿ ಯಾರೋ ಡೇರೆಯವರು ಬೇಲಿಯನ್ನೂ ಶಿಲುಬೆಯನ್ನೂ ಕಿತ್ತು ಕುರಿಮಾಂಸ ಸುಟ್ಟುಕೊಂಡು ತಿಂದಿದ್ದರು. ಮೂವತ್ತು ವರ್ಷ ಒಣಗಿದ ಮರ. ಚೆನ್ನಾಗಿ ಉರಿದಿರಬೇಕು.

"'ಹೋದೋರು ಹೋದ್ರು ದೋನ್, ಎಲ್ಲಿ ಅಂತ ಹುಡುಕ್ಲಿ' ಅಂದೆ ನೀನು," ಎಂದ ಸೆನೊನ್. " ಹಳೆಯ ಮರದ ಬೇಲಿ, ನಷ್ಟ ಅಲ್ಪ ಅಂತ ಬರ್ದೆ. ಓದಿ ಹೇಳಿ ಸಹೀನೂ ಹಾಕಿಸ್ಕೊಂಡೆ."

ನೊರ್ಮಾ ಹನ್ನೊಂದು ನಲವತ್ತಕ್ಕೆ ದಸ್ತಗಿರಿ ಬರೆದಳು. ಕೈಕೋಳ ಹಾಕುವ ಮುಂಚೆ ಅವನು ಕುದುರೆಯ ಹಗ್ಗ ಬಿಚ್ಚಿ ಹುಲ್ಲಿಗೆ ಬಿಟ್ಟ.

ಆ ಮಧ್ಯಾಹ್ನವೇ ಪ್ರಾಸಿಕ್ಯೂಟರರಿಗೆ ವರದಿ ಹೋಯಿತು. ಶುಕ್ರವಾರ ಒಂಬತ್ತಕ್ಕೆ ಇಬ್ಬರೂ ಬಿಡುಗಡೆಯಾದರು. ನೊರ್ಮಾ ತಾನೇ ಬೀಗ ತೆಗೆದು, "ತಪ್ಪಾಯ್ತು," ಎಂದಳು.

"ಹನ್ನೊಂದು ಪಾತ್ರೆ ನೀರು ಹೊಯ್ದೆ," ಎಂದಳು ಯಮಿಲಾ. "ಒಂದನ್ನಾದ್ರೂ ನಂಬಬಹುದಿತ್ತು." ಗಾಸ್ತೊನ್‌ನ ಚೀಲವನ್ನೂ ತಾನೇ ಹೊತ್ತು ಹೊರಟುಬಿಟ್ಟಳು. ಕಸಾಯಿ ಅಂಗಡಿಯವನು ಆ ಹೊತ್ತಿಗೆ ಬಾಗಿಲು ಹಾಕಿಕೊಂಡಿದ್ದ. ಅವನ ಮೇಲೆ ಹಲ್ಲೆಯ ಕೇಸು ಆಗಲೇ ದಾಖಲಾಗಿತ್ತು.

ಹತ್ತು ಗಂಟೆಗೆ ಕ್ಲೊರಿಂದಾ ಬಂದಳು. ಯಾರದೋ ಗಂಡಸರ ಬೂಟು ತೊಟ್ಟಿದ್ದಳು. ಲಾಕಪ್ಪಿನ ಸರಳಿಗೆ ಮುಖ ತಂದು ನಿಂತಳು. ಸೆನೊನ್ ತಲೆ ಎತ್ತಲಿಲ್ಲ.

"ನೋಡೋ ಇಲ್ಲಿ! ನಿನ್ನ ಮಗಳಿಗೆ ಕೊನೆ ಸ್ನಾನ ಮಾಡ್ಸಿದ್ದು ಯಾರೋ? ಜಡೆ ಹೆಣೆದು ಪೆಟ್ಟಿಗೇಲಿ ಮಲಗ್ಸಿದ್ದು ಯಾರೋ? ನಾನು! ನನ್ನ ಹತ್ರ ಒಂದು ಮಾತು ಹೇಳಿದ್ರೆ ನಾನೇ ಬಂದು ಆ ಡೇರೆಗಳನ್ನ ಒದ್ದು ನೀರಿಗೆ ಹಾಕ್ತಿದ್ದೆ. ಬೇಲೀನೂ ಇಬ್ಬರೂ ಸೇರಿ ಕಟ್ತಿದ್ವಿ. ಮುಟ್ಠಾಳ! ಮುಟ್ಠಾಳ!"

ಸರಳನ್ನು ಅಂಗೈಯಿಂದ ಬಡಿದಳು. ಅವನು ಗೋಡೆಗೆ ತಿರುಗಿ ಅತ್ತ. ಪ್ಯೂ ಅವಳ ತೋಳು ಹಿಡಿದು ಹೊರಗೆ ಕೂರಿಸಿದ.

ನೊರ್ಮಾ ಆರೋಪಪಟ್ಟಿಗೆ ಕೂತಳು. ಅಪರಾಧದ ಪ್ರೇರಣೆ ಎಂಬ ಕಾಲಮಿನಲ್ಲಿ ಬರೆದಳು: ಆರೋಪಿಯ ಮಗಳ ಸಮಾಧಿಯ ಬೇಲಿ ಮತ್ತು ಶಿಲುಬೆಯನ್ನು ಅಪರಿಚಿತರು ಸುಟ್ಟ ಬಗ್ಗೆ ಜನವರಿ ಇಪ್ಪತ್ತೊಂದರಂದು ಈ ಠಾಣೆಗೆ ದೂರು ಬಂದಿತ್ತು. ತನಿಖೆ ನಡೆಯಲಿಲ್ಲ. ಹೊಣೆ: ಇನ್ಸ್‌ಪೆಕ್ಟರ್ ನೊರ್ಮಾ ಕಾಯುಲ್.

ಪ್ಯೂ ಹೆಗಲ ಮೇಲಿಂದ ಓದಿದ. "ಮೇಡಂ, ಇದು ಮೇಲಿನವರಿಗೆ ಹೋಗುತ್ತೆ."

"ಹೋಗ್ಲಿ. ನೀನು ಚೆಕ್‌ಪೋಸ್ಟಿಗೆ ಫೋನ್ ಮಾಡು. ಆ ಬೇಲಿ ಸುಟ್ಟೋರು ಸಿಗ್ಬೇಕು. ಜನವರಿ ಹದಿನೇಳರಿಂದ ಇಪ್ಪತ್ತೊಂದರವರೆಗೆ ಕೆರೆ ಕಡೆಯಿಂದ ಹೊರಬಂದ ಗಾಡಿಗಳ ನಂಬರೆಲ್ಲ ಬೇಕು. ಇವತ್ತೇ."