ಪರಿವಿಡಿಯಲ್ಲಿ ನಿಲ್ಲದ 7.9

ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 8.40. ಟ್ರೂಡಿ ವಾಸಿಲಿಕ್ ಬೂಟಿನ ಹಿಮವನ್ನೂ ಕೊಡವದೆ ಠಾಣೆಗೆ ನುಗ್ಗಿ, ದಪ್ಪನೆಯ ಕೈಪಿಡಿಯೊಂದನ್ನು ಮೇಜಿನ ಮೇಲೆ ಕುಕ್ಕಿದಳು.

"ನನ್ನ ಗಂಡ ನಿಯಮ ಮುರಿದು ಸತ್ತ ಅಂತಿದಾರೆ. ಆ ನಿಯಮಾನೇ ಇರ್ಲಿಲ್ಲ. ಬರ್ಕೊಳ್ಳಿ ಮೇಡಂ."

ಇನ್‌ಸ್ಪೆಕ್ಟರ್ ಲೋರ್ನಾ ಪೆಟ್ರಿಷಿನ್ ದೂರು ದಾಖಲಿಸಿಕೊಂಡಳು. ಐದು ವಾರಗಳ ಹಿಂದೆ ಓರೆಸ್ಟ್ ವಾಸಿಲಿಕ್ ಗೋಧಿ ಕಣಜಕ್ಕೆ ಇಳಿದಿದ್ದ. ತಳದಿಂದ ಕಾಳು ಎಳೆಯುವ ಯಂತ್ರ ಓಡುತ್ತಲೇ ಇತ್ತು, ಕುಸಿದ ಗೋಧಿಯಲ್ಲೇ ಹೂತುಹೋದ. ಕಂಪನಿಯ 312 ಪುಟಗಳ ಸುರಕ್ಷತಾ ಕೈಪಿಡಿಯ 7.9ನೇ ನಿಯಮ, ಯಂತ್ರ ನಿಲ್ಲಿಸಿಯೇ ಇಳಿಯಬೇಕು ಎನ್ನುತ್ತಿತ್ತು. ಗುರುವಾರ ಹತ್ತು ಗಂಟೆಗೆ ಆ ಸಾವಿನ ವಿಚಾರಣೆ ಮುಗಿದರೆ ತಪ್ಪು ಕಾಯಂ ಆಗಿ ಸತ್ತವನ ತಲೆಗೆ. ಲೋರ್ನಾಗೆ ಕೂತಲ್ಲಿ ಕೂರಲಾಗಲಿಲ್ಲ. ತಂದ ಕಾಫಿ ಹಾಗೇ ಆರಿಹೋಯಿತು.

11.15ಕ್ಕೆ ಕಂಪನಿಯ ಉಗ್ರಾಣದಲ್ಲಿ ಮ್ಯಾನೇಜರ್ ರಾಸ್ ಹಾಲ್ವರ್ಸನ್‌ನ ವಿಚಾರಣೆ.

"7.9 ಸೇರಿಸಿದ್ದು ಯಾವಾಗ?"

"ಎರಡು ವರ್ಷ ಆಯ್ತು."

"ಯಾರು?"

"ಎಡಿತ್. ಟೈಪಿಂಗೆಲ್ಲ ಅವಳದೇ. ಈಗ ರಿಟೈರಾಗಿದಾಳೆ."

"ಹಳೇ ಪ್ರತಿಗಳೆಲ್ಲಿ?"

"ಹೊಸದು ಬಂದ್ಮೇಲೆ ಹಳೇದು ಸುಡ್ತೀವಿ."

"ಓರೆಸ್ಟ್ ಸತ್ತ ಮೇಲೆ ಫೈಲ್ ತೆರೆದಿದೀರಿ, ಕಂಪ್ಯೂಟರಿನಲ್ಲೇ ತಾರೀಕು ಕಾಣ್ತಿದೆ."

"ಪ್ರಿಂಟ್ ತೆಗೆಯೋಕೆ."

ಎಲ್ಲದಕ್ಕೂ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕಾನ್‌ಸ್ಟೇಬಲ್ ಮೆಕ್‌ಫೈಲ್ ಮಹಜರು ಬರೆದು ಕಂಪ್ಯೂಟರ್ ವಶಕ್ಕೆ ಪಡೆದ.

ಬುಧವಾರ ಮಧ್ಯಾಹ್ನ 2.30ಕ್ಕೆ ಎಡಿತ್ ಕ್ಲಾಸೆನ್ ಠಾಣೆಗೆ ಬಂದಳು. ಕಂಪ್ಯೂಟರಿನಲ್ಲಿ ತೆರೆದಿಟ್ಟ ಫೈಲಿನ ನಕಲಿನಲ್ಲಿ 7.9 ನೋಡಿದವಳೇ ಮುಖ ಸಿಂಡರಿಸಿದಳು.

"ಇದು ನನ್ನ ಕೆಲಸ ಅಲ್ಲ."

"ಬೇರೆ ಶೀರ್ಷಿಕೆ ಥರಾನೇ ಇದೆಯಲ್ಲ?" ಎಂದ ಮೆಕ್‌ಫೈಲ್.

"ನೋಡೋಕೆ ಇದೆ ಕಣಪ್ಪಾ. ಶೀರ್ಷಿಕೆಗೆ ಅಂತ ನಾನೊಂದು ಸ್ಟೈಲ್ ಮಾಡಿಟ್ಟಿದೀನಿ. ಅದನ್ನ ಹಾಕಿದ್ರೇನೇ ಇದು ಶೀರ್ಷಿಕೆ ಅಂತ ಕಂಪ್ಯೂಟರಿಗೆ ಗೊತ್ತಾಗೋದು. ಇಲ್ಲಿ ಯಾರೋ ಅಕ್ಷರ ದಪ್ಪ ಮಾಡಿ ನೀಲಿ ಬಳಿದಿದಾರೆ, ಅಷ್ಟೆ."

ಅವಳು ಆ ಸ್ಟೈಲಿನ ಬಣ್ಣವನ್ನು ಒಂದೇ ಒಂದು ಕಡೆ ಕೆಂಪು ಮಾಡಿದಳು. ಇನ್ನೂರು ಚಿಲ್ಲರೆ ಶೀರ್ಷಿಕೆಗಳು ಒಟ್ಟಿಗೆ ಕೆಂಪಾದವು. 7.9 ನೀಲಿಯಾಗಿಯೇ ಉಳಿಯಿತು. ಆ ಸ್ಟೈಲ್ ಇರುವ ಶೀರ್ಷಿಕೆಗಳನ್ನಷ್ಟೇ ಹೆಕ್ಕುವ ಪರಿವಿಡಿಯನ್ನು ಹೊಸದಾಗಿ ತಯಾರಿಸಿದಳು. ಅಲ್ಲಿ ಕೈಯಿಂದ ತುರುಕಿದ್ದ 7.9ರ ಸಾಲು ಮಾಯವಾಗಿ, 7.8 ಆದ ಮೇಲೆ ನೇರ 8.1 ಬಂತು.

"ಹದಿನೆಂಟು ವರ್ಷದಲ್ಲಿ ಒಂದು ಶೀರ್ಷಿಕೇನೂ ನಾನು ಹೀಗೆ ಮಾಡಿಲ್ಲ. ರಾಸ್‌ಗೆ ಎಷ್ಟು ಸಲ ಹೇಳ್ಕೊಟ್ಟೆ! 'ನೋಡೋಕೆ ಚೆನ್ನಾಗಿದ್ರೆ ಸಾಕು ಬಿಡು' ಅಂತಿದ್ದ."

ಸಂಜೆ 5.10ಕ್ಕೆ ಲೋರ್ನಾ ಎರಡೂ ಪರಿವಿಡಿಗಳನ್ನು ರಾಸ್‌ನ ಮುಂದಿಟ್ಟಳು. ಓರೆಸ್ಟ್ ಸತ್ತ ಮೇಲೆ 7.9 ಸೇರಿಸಿದ್ದು ತಾನೇ ಎಂದು ಅವನು ಒಪ್ಪಿಕೊಂಡ. 5.50ಕ್ಕೆ ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಬಂಧನವಾಯಿತು.

"ಜೈಲಿಗೆ ಹೆದರಿ ಮಾಡಿದ್ರಾ?"

"ಇಲ್ಲ ಮೇಡಂ. ಆವತ್ತು ಲಾರಿಗಳು ಕಾಯ್ತಿದ್ವು. 'ಯಂತ್ರ ನಿಲ್ಲಿಸ್ಬೇಡ, ಹಂಗೇ ಇಳಿ' ಅಂದಿದ್ದು ನಾನೇ. ನನ್ನ ಮದುವೇಲಿ ಜೀವದ ಗೆಳೆಯ ಅಂತ ಪಕ್ಕದಲ್ಲಿ ನಿಂತಿದ್ದೋನು ಓರೆಸ್ಟ್. ನಿಯಮ ಇತ್ತು ಅಂತಾದ್ರೆ ಕೊಂದಿದ್ದು ನಾನಲ್ಲ ಅಲ್ವಾ? ದಿನಾ ಓದಿ ಓದಿ, ನಂಗೇ ನಂಬಿಕೆ ಬಂದ್ಬಿಟ್ಟಿತ್ತು."

ಗುರುವಾರ ಹತ್ತಕ್ಕೆ ಓರೆಸ್ಟ್‌ನ ಮೇಲಿನ ಆರೋಪ ಬಿದ್ದುಹೋಯಿತು. ಟ್ರೂಡಿ ಕೇಳಿದ್ದು ಒಂದೇ: ಆ ನಿಯಮ ಕೈಪಿಡಿಯಲ್ಲಿ ಇರಲಿ. ಎಡಿತ್ ಅಂದಿನ ತಾರೀಕು ಹಾಕಿ, ಸರಿಯಾದ ಸ್ಟೈಲಿನಲ್ಲಿ ಅದನ್ನು ಸೇರಿಸಿದಳು. ಈ ಸಲ ಪರಿವಿಡಿಯಲ್ಲಿ 7.9 ನಿಂತಿತು. ಟ್ರೂಡಿ ಆ ತಾರೀಕಿನ ಮೇಲೆ ಬೆರಳಿಟ್ಟು, "ಆರು ವಾರ ಮುಂಚೆ ಬರೀಬಾರ್ದಿತ್ತಾ" ಎಂದಳು.