ಹದಿನಾಲ್ಕನೇ ಮಳಿಗೆಯ ಗಡಿಯಾರ

ಕತ್ತಿ ನನ್ನ ಗಂಟಲ ಮೇಲಿತ್ತು.

ಮುನ್ನೂರು ವರ್ಷ ಹಳೆಯದಂತೆ. ಹಿಡಿಗೆ ಕಟ್ಟಿದ್ದ ಚೀಟಿ ಹಾಗೆನ್ನುತ್ತಿತ್ತು. ನನಗೆ ಗೊತ್ತು, ಅದು ಹೋದ ಚಳಿಗಾಲದ್ದು. ಹುಳಿನೀರಲ್ಲಿ ನೆನೆಸಿ ತುಕ್ಕು ಹಿಡಿಸಿದ್ದರು. ಆದರೂ ನಕಲಿ ಕತ್ತಿಯಿಂದ ಸತ್ತರೂ ಸಾವು ಸಾವೇ... ಅಲುಗಾಡದೆ ನಿಂತಿದ್ದೆ.

"ಕಾಗದ ಎಲ್ಲಿ?" ಅಂದ ಪಾಲಿಶ್.

ಪಾಲಿಶ್ ಹಳೇ ಸಾಮಾನಿನ ವ್ಯಾಪಾರಿ. ಹೊಸದಕ್ಕೆ ಬೂಟ್ ಪಾಲಿಶ್ ಬಳಿದು ಹಳೆಯದು ಮಾಡುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಕತ್ತಿ ಹಿಡಿದಿದ್ದವನು ಅವನ ಭಾಮೈದ, ಗೂಳಿ. ದೇವರು ಅವನಿಗೆ ಕುತ್ತಿಗೆ ಕೊಡುವುದನ್ನು ಮರೆತಿದ್ದ.

"ಯಾವ ಕಾಗದ?"

"ಗಡಿಯಾರದ ಹೊಟ್ಟೆಗೆ ಕೈ ಹಾಕಿದ್ದನ್ನ ನೋಡಿದೀನಿ. ನನ್ನ ಹತ್ರ ಆಟ ಬೇಡ."

ನೋಡಿದ್ದ, ನಿಜ. ಕಾಗದ ನನ್ನ ಎಡಗಾಲಿನ ಶೂ ಒಳಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಕಳೆದುಹೋದದ್ದನ್ನು ಹುಡುಕಿ ಕೊಡುವುದು ನನ್ನ ಕಸುಬು. ಈ ಸಲ ಗಿರಾಕಿ ನನ್ನ ಸ್ವಂತ ಅಕ್ಕ. ಅಕ್ಕ ನರ್ಸ್. ಹಾಸಿಗೆ ಹಿಡಿದ ಒಬ್ಬ ನಿವೃತ್ತ ಮೇಷ್ಟ್ರನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಹದಿನೇಳನೇ ತಾರೀಕು ಅವರ ಮನೆಯ ಗೋಡೆ ಗಡಿಯಾರ ಕಾಣೆಯಾಯಿತು. ಮೇಷ್ಟ್ರ ಮಗ ನೇರವಾಗಿ ಪೊಲೀಸರ ಹತ್ತಿರ ಹೋಗಿ ಅಕ್ಕನ ಹೆಸರು ಕೊಟ್ಟ. ಅವತ್ತು ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಮೇಷ್ಟ್ರ ಹೇಳಿಕೆ ಬರೆಸಿಕೊಂಡು ಅಕ್ಕನನ್ನು ಕರೆದುಕೊಂಡು ಹೋಗುವವನಿದ್ದ. ಒಮ್ಮೆ ಕಳ್ಳಿ ಎಂದು ಹೆಸರು ಬಿದ್ದ ನರ್ಸಿಗೆ ಯಾರು ಬಾಗಿಲು ತೆಗೆಯುತ್ತಾರೆ?

"ಆ ಗಡಿಯಾರಕ್ಕೆ ದಿನಾ ಕೀ ಕೊಡ್ತಿದ್ದವಳು ನಾನೇ ಕಣೋ," ಅಂದಿದ್ದಳು ಅಕ್ಕ. ಅವಳು ಅಳಲಿಲ್ಲ. ಅದಕ್ಕೇ ನಾನು ಆಗಲೇ ಬೈಕ್ ಹತ್ತಿದೆ.

ಹಳೇ ಗಡಿಯಾರ ಮಾಯವಾದರೆ ದೂರ ಹುಡುಕಬೇಕಿಲ್ಲ. ಬೇಸಿಗೆ ಬಂತೆಂದರೆ ಈ ಪುಟ್ಟ ಊರಿನ ಶಾಲೆಯ ಹಾಲಿನಲ್ಲಿ ಮೂರು ದಿನ ಪುರಾತನ ವಸ್ತುಗಳ ಪ್ರದರ್ಶನ. ಅಷ್ಟು ಮೂರ್ಖರು ಒಂದೇ ಸೂರಿನಡಿ ಸೇರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಿಡಿ ಮುರಿದ ಕಪ್ಪು, ಕಣ್ಣಿಲ್ಲದ ಗೊಂಬೆ, ಬರೆಯದ ಪೆನ್ನು... ಸ್ವಂತ ಅಜ್ಜಿಯ ಮಾತನ್ನು ಐದು ನಿಮಿಷ ಕೇಳದವರು ಯಾರದೋ ಅಜ್ಜಿಯ ಬಾಚಣಿಗೆ ಮುಂದೆ ಕೈಕಟ್ಟಿ ನಿಂತಿರುತ್ತಾರೆ.

ಹದಿನಾಲ್ಕನೇ ಮಳಿಗೆಯಲ್ಲಿ ಗಡಿಯಾರ ಸಿಕ್ಕಿತು. ಪಾಲಿಶನ ಮಳಿಗೆ. ಚೀಟಿಯಲ್ಲಿ ಬರೆದಿತ್ತು: 'ಮೂಲಪತ್ರ ಸಮೇತ.'

ಈ ಜನರ ಹುಚ್ಚೇ ಇದು. ಬರೀ ಗಡಿಯಾರವನ್ನು ಯಾರೂ ಮೂಸಿ ನೋಡುವುದಿಲ್ಲ, ಅದರ ಕತೆ ಬೇಕು. ಹಾಗಾಗಿ ವ್ಯಾಪಾರಿಗಳು ತಮಗೆ ಮಾರುವವನ ಕೈಯಲ್ಲೇ 'ಇದು ನಮ್ಮ ಮನೆತನದ್ದು' ಎಂದು ಕಾಗದ ಬರೆಸಿ, ಸಹಿ ಹಾಕಿಸಿ, ಸಾಮಾನಿನ ಒಳಗೇ ಇಡುತ್ತಾರೆ. ಕದ್ದ ಮಾಲಿಗೂ ಬರೆಸುತ್ತಾರೆ! ಅಭ್ಯಾಸಬಲ.

ಗಡಿಯಾರದ ಬಾಗಿಲು ತೆಗೆದೆ. ಲಕೋಟೆ ಎಳೆದೆ. ಸಹಿ ಮತ್ತು ತಾರೀಕು ನೋಡಲಷ್ಟೇ ಸಮಯ ಸಿಕ್ಕಿತು. ಸಹಿ ಮೇಷ್ಟ್ರ ಮಗನದು. ತಾರೀಕು ಹತ್ತು. ಕಳವಾಗುವುದಕ್ಕೆ ಒಂದು ವಾರ ಮುಂಚೆಯೇ ವ್ಯಾಪಾರ ಕುದುರಿತ್ತು. ಕಾಗದ ಶೂ ಸೇರಿತು, ಗೂಳಿಯ ಕೈ ನನ್ನ ಕಾಲರ್ ಹಿಡಿಯಿತು, ಹಾಲ್‌ನ ಹಿಂದಿದ್ದ ಈ ಗೋದಾಮಿಗೆ ಬಂದೆವು.

"ಶೂ ಬಿಚ್ಚು," ಅಂದ ಪಾಲಿಶ್. ಅಷ್ಟೇನೂ ದಡ್ಡನಲ್ಲ.

ಬಗ್ಗಿದೆ. ಬಗ್ಗಿದವನು ಮೊಣಕೈಯಿಂದ ಅಲಗಿಗೆ ಒಂದು ಬಿಟ್ಟೆ. ಹಿಡಿ ಗೂಳಿಯ ಕೈಯಲ್ಲೇ ಉಳಿಯಿತು. ಅಲಗು ಠಣ್ ಎಂದು ನೆಲಕ್ಕೆ ಬಿತ್ತು. ಮುನ್ನೂರು ವರ್ಷದ ಕತ್ತಿಗೆ ಮೂರು ತಿಂಗಳ ಅಂಟು!

ಬಾಗಿಲಿಗೆ ಓಡಿದೆ. ಪ್ರದರ್ಶನದ ಹಾಲ್‌ಗೆ ನುಗ್ಗಿದೆ... ಅಲ್ಲಿ ಓಟ ನಿಂತಿತು. ಎರಡೂ ಕಡೆ ಪಿಂಗಾಣಿ, ನಡುವೆ ಒಂದು ಗೇಣು ದಾರಿ. ನಾನು ಹೊಟ್ಟೆ ಒಳಗೆಳೆದು ಅಡ್ಡಡ್ಡ ನಡೆದೆ. ಹಿಂದೆ ಗೂಳಿಯೂ ಅಡ್ಡಡ್ಡ ಬಂದ. ಅವನ ಹಿಂದಿನಿಂದ ಪಾಲಿಶನ ಪಿಸುಮಾತು:

"ನಿಧಾನ ಕಣೋ, ನಿಧಾನ... ಹೂಜಿ, ಹೂಜಿ ನೋಡ್ಕೋ."

ನನ್ನನ್ನು ಸಾಯಿಸಲು ತಯಾರಿದ್ದವರು ಒಂದು ಹೂಜಿಗೆ ಹೆದರಿದರು. ಹೋಗುತ್ತಾ ಅದನ್ನು ಎತ್ತಿ ಗೂಳಿಯ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ತಬ್ಬಿಕೊಂಡು ಅಲ್ಲೇ ನಿಂತುಬಿಟ್ಟ.

ಗೇಟಿನಲ್ಲಿ ಮೇಷ್ಟ್ರ ಮಗ ಅಡ್ಡ ನಿಂತಿದ್ದ. ಪಾಲಿಶ್ ಫೋನ್ ಮಾಡಿರಬೇಕು. ಇಸ್ತ್ರಿ ಮಾಡಿದ ಅಂಗಿ, ಬೆವೆತ ಮುಖ.

"ದೂರು ವಾಪಸ್ ತಗೋತೀನಿ. ಕಾಗದ ಕೊಡು."

"ದೂರು ಹೋದ್ರೂ ವಾಸನೆ ಹೋಗಲ್ಲ. ನಮ್ಮಕ್ಕ ಕದ್ದಿಲ್ಲ ಅಂತ ಇನ್ಸ್‌ಪೆಕ್ಟರ್ ಎದುರು ಹೇಳು, ಬಾ."

"ಪೊಲೀಸ್ರಿಗೆ ಬೇಕಾದ್ರೆ ತೋರಿಸು." ಅವನ ದನಿ ಇಳಿಯಿತು. "ಅಪ್ಪಂಗೆ ಮಾತ್ರ ಬೇಡ."

ಅದು ವಿಚಿತ್ರ ಅನ್ನಿಸಿತು. ಆದರೆ ಗಂಟೆ ಐದಾಗುತ್ತಿತ್ತು. ಅವನನ್ನು ತಳ್ಳಿ ಬೈಕ್ ಹತ್ತಿದೆ. ಕಾರಿನಲ್ಲಿ ಹಿಂದೆಯೇ ಬಂದ.

ಮೇಷ್ಟ್ರ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಪೆನ್ನು ತೆಗೆದಾಗಿತ್ತು. ಅಕ್ಕ ಗೋಡೆ ಹತ್ತಿರ ನಿಂತಿದ್ದಳು, ಗಡಿಯಾರ ತೂಗುತ್ತಿದ್ದ ಜಾಗದ ಬಿಳಿ ಗುರುತಿನ ಕೆಳಗೆ. ಶೂ ಬಿಚ್ಚಿ ಕಾಗದವನ್ನು ಮೇಷ್ಟ್ರ ಕೈಗೇ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ತರಗತಿಯಲ್ಲಿ ಓದುವಂತೆ.

"'ಈ ಗಡಿಯಾರ ದಿವಂಗತರಾದ ನಮ್ಮ ತಂದೆಯವರಿಗೆ ಅಚ್ಚುಮೆಚ್ಚಿನದು...'"

ಅಕ್ಕ ಸೆರಗು ಬಾಯಿಗಿಟ್ಟಳು. ಬಾಗಿಲಲ್ಲಿ ಮಗ ಬಂದು ನಿಂತಿದ್ದ.

"ಅಪ್ಪಾ... ಸತ್ತವರದು ಅಂದ್ರೆ ಬೆಲೆ ಜಾಸ್ತಿ ಅಂತ ಆ ವ್ಯಾಪಾರಿ ಹೇಳ್ದ..."

ಎಷ್ಟೋ ಕಳ್ಳರನ್ನು ನೋಡಿದ್ದೇನೆ. ಅವತ್ತು ಮಾತ್ರ ಅಸಹ್ಯದಿಂದ ಮುಖ ತಿರುಗಿಸಿದೆ.

ಮೇಷ್ಟ್ರು ಅವನತ್ತ ನೋಡಲಿಲ್ಲ. "ಬರ್ಕೊಳ್ಳಿ," ಅಂದರು ಇನ್ಸ್‌ಪೆಕ್ಟರಿಗೆ. "ಈ ಮಗಳು ಕದ್ದಿಲ್ಲ. ಕದ್ದವನು ಬಾಗಿಲಲ್ಲಿ ನಿಂತಿದಾನೆ."

ಇನ್ಸ್‌ಪೆಕ್ಟರ್ ಬರೆದು ಮುಂದಿಟ್ಟ. ಮೇಷ್ಟ್ರು ಸಹಿ ಹಾಕಿದರು. ಹೆಸರಿಗೆ ಮುಂಚೆ ದುಂಡಗೆ ಒಂದು ಪದ ಸೇರಿಸಿದರು. ದಿವಂಗತ.

"ಸಾರ್, ಇದು ನಡೆಯಲ್ಲ," ಅಂದ ಇನ್ಸ್‌ಪೆಕ್ಟರ್.

"ಅವನು ಬರೆದಾಗ ನಡೀತಲ್ಲ," ಅಂದರು ಮೇಷ್ಟ್ರು.